ಸ್ಕೂಲ್ ಡಿಸ್ಟ್ರಿಕ್ಟಿನ ತಂತ್ರಜ್ಞಾನ ಯೋಜನೆ: ಎಲ್ಲಿಂದ ಆರಂಭಿಸಬೇಕು?

ಸಮಿತಿಸದಸ್ಯೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ನಾವು ವಾಸವಾಗಿರುವ ಊರಿನ ಸ್ಕೂಲ್ ಡಿಸ್ಟ್ರಿಕ್ಟ್ ಮುಂದಿನ ಮೂರು ವರ್ಷಗಳ ತಂತ್ರಜ್ಞಾನ ಯೋಜನೆಯನ್ನು ರೂಪಿಸಲು ಸಮಿತಿಯೊಂದನ್ನು ಮಾಡಿದೆ; ಪೋಷಕರ ಪರವಾಗಿ ಅದರಲ್ಲಿ ನಾನೂ ಇದ್ದೇನೆ. ಈ ದೇಶಕ್ಕೆ ಹೊಸಬರಾದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಡಿಸ್ಟ್ರಿಕ್ಟ್ ಎಂದರೆ ನಮ್ಮ ಕಡೆಯ ಜಿಲ್ಲೆಯಲ್ಲ. ಶಾಲೆಗಳನ್ನು ನಡೆಸುವುದಕ್ಕೆಂದೇ ಇರುವ ಸ್ಥಳೀಯ ಸಂಸ್ಥೆ ಅದು. ಹೆಚ್ಚಿನ ಕಡೆ ಅದಕ್ಕೆ ಚುನಾಯಿತ ಮಂಡಳಿಯೂ ಸೂಪರಿಂಟೆಂಡೆಂಟರೂ ಇರುತ್ತಾರೆ. ಇಂಥವು ದೇಶದಲ್ಲಿ ಸುಮಾರು 13 ಸಾವಿರ ಇವೆ. ಹಾಗಾಗಿ ಪಕ್ಕದ ಊರಿನವರು ಕಷ್ಟಪಟ್ಟು ಕಲಿತ ಪಾಠ ನಮ್ಮ ಊರಿಗೆ ತಾನಾಗಿ ಬರುವುದಿಲ್ಲ.

ನಮ್ಮಲ್ಲಿ ಹನ್ನೊಂದು ಶಾಲೆಗಳೂ ಸುಮಾರು ಆರು ಸಾವಿರ ಮಕ್ಕಳೂ ಇದ್ದಾರೆ. ಸಮಿತಿಯ ಮುಂದೆ ಇಟ್ಟಿರುವ ಕರಡು ನಲವತ್ತಾರು ಪುಟಗಳದ್ದು. ಅದರಲ್ಲಿ ಮೂವತ್ತೊಂದು ಪುಟಗಳು ಕ್ರೋಮ್‌ಬುಕ್ ಲ್ಯಾಪ್‌ಟಾಪ್, ತರಗತಿಯ ಸ್ಪರ್ಶಪರದೆ ಮತ್ತು ಕ್ಯಾಮೆರಾಗಳ ಖರೀದಿಗೇ ಹೋಗಿವೆ. ಕಚೇರಿ ಆಡಳಿತಕ್ಕೆ ಸಿಕ್ಕಿರುವುದು ಎರಡು ಪುಟ. ಮಕ್ಕಳ ನೆರವಿನ ವಿಷಯಕ್ಕೆ ಬಂದರೆ, "ದತ್ತಾಂಶ ಆಧಾರಿತ ನಿರ್ಧಾರಗಳ ಮೂಲಕ ಪ್ರತಿಯೊಂದು ಮಗುವಿನ ಯಶಸ್ಸು" ಎಂಬ ಧಾಟಿಯ ಒಂದೇ ಪ್ಯಾರಾ ಇದೆ. ಯಾರ ನಿರ್ಧಾರ, ಯಾವ ದತ್ತಾಂಶ ಎಂದು ಕೇಳಿದಾಗ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮುಂದಿನ ಸಭೆಗೆ ಮೂರು ವಾರ ಇದೆ. ಶಾಲೆಗಳ ಒಳಗೆ ಕೆಲಸ ಮಾಡಿ ಬಲ್ಲವರು, ನಾನು ಏನನ್ನು ಕೇಳಬೇಕು, ಯಾವುದರ ಮೇಲೆ ಪಟ್ಟು ಹಿಡಿಯಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಕಚೇರಿಮೇಜು

ಮೇಡಂ, ನಾನು ಬೇರೊಂದು ರಾಜ್ಯದ ಪ್ರಾಥಮಿಕ ಶಾಲೆಯ ಮುಂಗಚೇರಿಯಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ. ಕರಡಿನ ಆ ಎರಡು ಪುಟಗಳನ್ನು ಬರೆದವರು ಶಾಲೆ ಆರಂಭವಾಗುವ ಆಗಸ್ಟ್ ತಿಂಗಳಲ್ಲಿ ಒಂದು ದಿನವೂ ನಮ್ಮಂಥವರ ಮೇಜಿನ ಪಕ್ಕ ಕುಳಿತಿರಲಾರರು ಎಂದು ಧೈರ್ಯವಾಗಿ ಹೇಳಬಲ್ಲೆ.

ಒಂದು ಮಗು ಶಾಲೆಗೆ ಸೇರಿದರೆ ಅದರ ಹೆಸರು, ವಿಳಾಸ ಮತ್ತು ತುರ್ತು ಫೋನ್ ಸಂಖ್ಯೆಯನ್ನು ಮೊದಲು ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಗೆ, ಅಂದರೆ ಎಲ್ಲರೂ ಎಸ್‌ಐಎಸ್ ಎಂದು ಕರೆಯುವ ತಂತ್ರಾಂಶಕ್ಕೆ ಹಾಕುತ್ತೇವೆ. ಆಮೇಲೆ ಅದೇ ವಿವರವನ್ನು ಬಸ್ ಮಾರ್ಗದ ತಂತ್ರಾಂಶಕ್ಕೆ, ಊಟದ ಲೆಕ್ಕಕ್ಕೆ, ಗ್ರಂಥಾಲಯಕ್ಕೆ, ನರ್ಸ್ ಕೊಠಡಿಯ ದಾಖಲೆಗೆ ಮತ್ತೆ ಮತ್ತೆ ಹಾಕಬೇಕು. ವರ್ಷದ ನಡುವೆ ತಾಯಿಯ ಫೋನ್ ಸಂಖ್ಯೆ ಬದಲಾದರೆ ಒಂದು ಕಡೆ ತಿದ್ದುತ್ತೇವೆ, ಉಳಿದ ನಾಲ್ಕು ಕಡೆ ಹಳೆಯದೇ ಉಳಿಯುತ್ತದೆ. ಮಗುವಿಗೆ ಜ್ವರ ಬಂದ ದಿನ ನರ್ಸ್ ಯಾವ ಸಂಖ್ಯೆಗೆ ಕರೆ ಮಾಡುತ್ತಾರೆಂಬುದು ಅದೃಷ್ಟಕ್ಕೆ ಬಿಟ್ಟದ್ದು.

ನಮ್ಮವರ ಹೆಸರುಗಳದಂತೂ ಬೇರೆಯೇ ಪುರಾಣ. ಪಾಸ್‌ಪೋರ್ಟಿನಲ್ಲಿ ಹೆಸರೆಲ್ಲ ಒಂದೇ ಅಂಕಣದಲ್ಲಿದ್ದು ಇನ್ನೊಂದು ಖಾಲಿಯಿದ್ದರೆ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು", ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಅಚ್ಚಾಗುತ್ತದೆ. ಆ ಕಾಗದವನ್ನು ನೋಡಿಕೊಂಡು ನೋಂದಣಿ ಮಾಡಿದ್ದರಿಂದ ಒಂದನೇ ತರಗತಿಯ ಒಬ್ಬ ಹುಡುಗನನ್ನು ಟೀಚರ್ ಮೂರು ದಿನ "ಫ್ನೂ" ಎಂದೇ ಕರೆದರು. ಪಾಪ, ಅವನು ಅದಕ್ಕೂ ಕೈ ಎತ್ತುತ್ತಿದ್ದ. ನಾನು ಎಸ್‌ಐಎಸ್‌ನಲ್ಲಿ ಹೆಸರನ್ನು ಸರಿಪಡಿಸಿದೆ. ಬಸ್ಸಿನವರ ಪಟ್ಟಿಯಲ್ಲಿ ಹಳೆಯ ಹೆಸರು ಹಾಗೆಯೇ ಇದ್ದುದರಿಂದ, ರಾತ್ರಿ ಎರಡೂ ಪಟ್ಟಿಗಳನ್ನು ತಾಳೆ ನೋಡುವ ಪ್ರೋಗ್ರಾಮು ಇವರು ಇಬ್ಬರು ಬೇರೆ ಬೇರೆ ಮಕ್ಕಳೆಂದು ತೀರ್ಮಾನಿಸಿತು. ಮರುದಿನ ಒಬ್ಬನಿಗೆ ಬಸ್ಸಿತ್ತು, ತರಗತಿ ಇರಲಿಲ್ಲ. ಇನ್ನೊಬ್ಬನಿಗೆ ತರಗತಿ ಇತ್ತು, ಬಸ್ಸಿರಲಿಲ್ಲ.

ಆದ್ದರಿಂದ ಏನನ್ನಾದರೂ ಕೊಳ್ಳುವ ಮೊದಲು ಒಂದು ದೊಡ್ಡ ಹಾಳೆಯ ಮೇಲೆ, ಯಾವ ವಿವರ ಎಲ್ಲಿ ಹುಟ್ಟುತ್ತದೆ, ಎಲ್ಲೆಲ್ಲಿಗೆ ಹೋಗುತ್ತದೆ, ಎಲ್ಲಿ ಕೈಯಿಂದ ಟೈಪ್ ಮಾಡುತ್ತಾರೆ ಎಂಬ ನಕ್ಷೆಯನ್ನು ಬರೆಸಿ. ಅದನ್ನು ಬರೆಯುವಾಗ ತಂತ್ರಜ್ಞಾನ ವಿಭಾಗದವರ ಜೊತೆ ಕಚೇರಿಯ ಇಬ್ಬರು ಗುಮಾಸ್ತರು ಕಡ್ಡಾಯವಾಗಿ ಕುಳಿತಿರಲಿ.

ಜಾಲಗಾರ

ಕಚೇರಿಮೇಜು ಅವರ ಮಾತನ್ನು ತಂತ್ರಜ್ಞಾನ ವಿಭಾಗದಲ್ಲಿರುವ ನಾನು ನೂರಕ್ಕೆ ನೂರು ಒಪ್ಪುತ್ತೇನೆ. ಪ್ರತಿಯೊಂದು ವಿವರಕ್ಕೂ ಒಂದೇ ಯಜಮಾನ ಇರಬೇಕು. ಫೋನ್ ಸಂಖ್ಯೆಗೆ ಎಸ್‌ಐಎಸ್ ಯಜಮಾನನಾದರೆ ಉಳಿದ ತಂತ್ರಾಂಶಗಳು ಅದನ್ನು ಓದಿಕೊಳ್ಳಬೇಕೇ ಹೊರತು ತಿದ್ದುವ ಅಧಿಕಾರ ಅವುಗಳಿಗೆ ಇರಕೂಡದು. ತರಗತಿ ಪಟ್ಟಿಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಲು ಒನ್‌ರೋಸ್ಟರ್ ಎಂಬ ಮುಕ್ತ ಮಾನದಂಡವಿದೆ, ಇನ್ನೂ ವಿಸ್ತಾರವಾದ ದಾಖಲೆಗಳಿಗೆ ಎಡ್‌-ಫೈ ಇದೆ. ಹೊಸದಾಗಿ ಏನನ್ನು ಕೊಂಡರೂ ಇವುಗಳಲ್ಲಿ ಯಾವುದನ್ನು ಬೆಂಬಲಿಸುತ್ತೀರಿ, ಒಪ್ಪಂದ ಮುಗಿದ ದಿನ ನಮ್ಮ ದಾಖಲೆಗಳನ್ನು ಯಾವ ರೂಪದಲ್ಲಿ ವಾಪಸ್ ಕೊಡುತ್ತೀರಿ ಎಂದು ಲಿಖಿತವಾಗಿ ಕೇಳಬೇಕು. ಎರಡನೆಯ ಪ್ರಶ್ನೆಗೆ ಮಾರಾಟಗಾರರ ಮುಖ ಸ್ವಲ್ಪ ಬಾಡುತ್ತದೆ; ಬಾಡಲಿ.

ಮೂವತ್ತೊಂದು ಪುಟಗಳ ಸಾಧನಗಳ ಬಗ್ಗೆ: ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಮೂರು ಕಂತುಗಳಲ್ಲಿ ಸುಮಾರು 190 ಶತಕೋಟಿ ಡಾಲರ್ ನೀಡಿತು. ಅದರ ಕೊನೆಯ ಕಂತಿನ ಬಳಕೆಯನ್ನು ನಿಗದಿಪಡಿಸಲು ಇದ್ದ ಗಡುವು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆ ಹಣದಲ್ಲಿ ಒಂದೇ ಸಲಕ್ಕೆ ಕೊಂಡ ಸಾವಿರಾರು ಯಂತ್ರಗಳು ಒಂದೇ ಸಲಕ್ಕೆ ಮುದಿಯಾಗುತ್ತವೆ, ಆದರೆ ಆ ಹಣ ಎರಡನೆಯ ಸಲ ಬರುವುದಿಲ್ಲ. 2021ರಿಂದ ಈಚೆಗೆ ಮಾರುಕಟ್ಟೆಗೆ ಬಂದ ಕ್ರೋಮ್‌ಬುಕ್ ಮಾದರಿಗಳಿಗೆ ಹತ್ತು ವರ್ಷಗಳ ತನಕ ಸ್ವಯಂ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಪ್ರಕಟಿಸಿದೆ. ಈ ಹತ್ತು ವರ್ಷಗಳ ಎಣಿಕೆ ಆರಂಭವಾಗುವುದು ನೀವು ಕೊಂಡ ದಿನದಿಂದಲ್ಲ, ಆ ಮಾದರಿ ಬಿಡುಗಡೆಯಾದ ಕಾಲದಿಂದ. ಹಾಗಾಗಿ ಕರಡಿನಲ್ಲಿರುವ ಪ್ರತಿಯೊಂದು ಮಾದರಿಯ ಮುಂದೆಯೂ ಅದರ ಅಪ್‌ಡೇಟ್ ಯಾವ ವರ್ಷ ನಿಲ್ಲುತ್ತದೆ ಎಂಬ ಅಂಕಣವೊಂದನ್ನು ಸೇರಿಸಿ ಎಂದು ಕೇಳಿ. ಅಗ್ಗಕ್ಕೆ ಸಿಗುವ ಹಳೆಯ ಮಾದರಿಗಳ ಬಂಡವಾಳ ಅಲ್ಲಿ ಬಯಲಾಗುತ್ತದೆ.

ಇ-ರೇಟ್ ಸಹಾಯಧನದ ಬಗ್ಗೆ ಕರಡಿನಲ್ಲಿ ಏನಿದೆಯೆಂದು ನೀವು ಬರೆದಿಲ್ಲ. 1996ರ ದೂರಸಂಪರ್ಕ ಕಾಯ್ದೆಯಿಂದ ಬಂದ ಆ ಯೋಜನೆ, ಊರಿನ ಬಡತನವನ್ನು ನೋಡಿಕೊಂಡು ಇಂಟರ್ನೆಟ್ ಸಂಪರ್ಕಕ್ಕೆ ಶೇ 20ರಿಂದ 90ರವರೆಗೆ ರಿಯಾಯಿತಿ ಕೊಡುತ್ತದೆ. ಕಟ್ಟಡದೊಳಗಿನ ವೈ-ಫೈಗೂ ಸಿಗುತ್ತದೆ, ಮಕ್ಕಳ ಕೈಗೆ ಕೊಡುವ ಲ್ಯಾಪ್‌ಟಾಪಿಗೆ ಸಿಗುವುದಿಲ್ಲ. ಅರ್ಜಿಯನ್ನು ಪ್ರಕಟಿಸಿದ ಮೇಲೆ ಕನಿಷ್ಠ 28 ದಿನ ಕಾದು, ಬಂದ ದರಪಟ್ಟಿಗಳನ್ನು ಹೋಲಿಸಿದ ನಂತರವೇ ಕಂಪನಿಯನ್ನು ಆರಿಸಬೇಕು. ಅವಸರದಲ್ಲಿ ಈ ದಿನಗಳನ್ನು ನುಂಗಿದವರಿಗೆ ಹಣ ಕೈತಪ್ಪುತ್ತದೆ. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಮೊದಲು ಇ-ರೇಟ್ ಪಡೆಯಲು ಲಿಖಿತ ತಂತ್ರಜ್ಞಾನ ಯೋಜನೆ ಬೇಕೆಂಬ ನಿಯಮವೇ ಇತ್ತು. 2014ರಲ್ಲಿ ಅದನ್ನು ತೆಗೆದುಹಾಕಿದರು. ಅಲ್ಲಿಂದೀಚೆಗೆ ಎಷ್ಟೋ ಕಡೆ ಯೋಜನೆ ಎಂದರೆ ಖರೀದಿ ಪಟ್ಟಿ ಎಂದಾಗಿಬಿಟ್ಟಿದೆ ಎಂಬುದು ನನ್ನ ಅನಿಸಿಕೆ.

ಹೊಸ ಎಸ್‌ಐಎಸ್ ಬೇಕೆಂದು ಯಾರಾದರೂ ಉತ್ಸಾಹ ತೋರಿದರೆ ಲಾಸ್ ಏಂಜಲೀಸಿನ ಕಥೆಯನ್ನು ಅವರಿಗೆ ಓದಿಸಿ. ವಿಶೇಷ ಶಿಕ್ಷಣ ಪಡೆಯುವ ಮಕ್ಕಳ ದಾಖಲೆಗಳು ಸರಿಯಾಗಿಲ್ಲವೆಂಬ ಹಳೆಯ ಮೊಕದ್ದಮೆಯೊಂದರ ಫಲವಾಗಿ ಅಲ್ಲಿ ಮಿಸಿಸ್ ಎಂಬ ವ್ಯವಸ್ಥೆಯನ್ನು ಕಟ್ಟಲು ಹೊರಟರು. ಉದ್ದೇಶ ಉತ್ತಮವೇ ಆಗಿತ್ತು. ಆದರೆ 2014ರ ಆಗಸ್ಟಿನಲ್ಲಿ ಎಲ್ಲ ಶಾಲೆಗಳಲ್ಲೂ ಒಟ್ಟಿಗೆ ಚಾಲೂ ಮಾಡಿದಾಗ ಮಕ್ಕಳ ವೇಳಾಪಟ್ಟಿಗಳು ಅಸ್ತವ್ಯಸ್ತವಾದವು. ಜೆಫರ್ಸನ್ ಹೈಸ್ಕೂಲಿನಲ್ಲಿ ಎಷ್ಟೋ ಮಕ್ಕಳು ವಾರಗಟ್ಟಲೆ ಸರಿಯಾದ ತರಗತಿಯಿಲ್ಲದೆ ಕುಳಿತರು, ಕೊನೆಗೆ ಅಕ್ಟೋಬರಿನಲ್ಲಿ ನ್ಯಾಯಾಧೀಶರೊಬ್ಬರು ರಾಜ್ಯ ಸರ್ಕಾರವೇ ಮಧ್ಯೆ ಬರಬೇಕೆಂದು ಆದೇಶಿಸಬೇಕಾಯಿತು. ಆರಂಭದಲ್ಲಿ ಸುಮಾರು 2.9 ಕೋಟಿ ಡಾಲರ್ ಎಂದಿದ್ದ ವೆಚ್ಚ 13 ಕೋಟಿ ದಾಟಿತು. ಅದಕ್ಕೆ ಒಂದು ವರ್ಷ ಮುಂಚೆಯಷ್ಟೇ ಅದೇ ಡಿಸ್ಟ್ರಿಕ್ಟ್ ಪ್ರತಿಯೊಬ್ಬ ವಿದ್ಯಾರ್ಥಿಗೂ ಐಪ್ಯಾಡ್ ಕೊಡುವ ಯೋಜನೆಗೆ ಕೈಹಾಕಿತ್ತು. ಹಂಚಿದ ಕೆಲವೇ ದಿನಗಳಲ್ಲಿ ಮಕ್ಕಳು ಅದರ ಬೀಗವನ್ನು ಬಿಡಿಸಿಕೊಂಡು ಬೇಕಾದ ತಾಣಗಳಿಗೆ ಹೋಗತೊಡಗಿದ್ದರು.

ಇಬ್ಬರಮ್ಮ

ನಾನು ತಂತ್ರಜ್ಞಾನ ಬಲ್ಲವಳಲ್ಲ, ಇಬ್ಬರು ಮಕ್ಕಳ ತಾಯಿ ಅಷ್ಟೇ. ಆದರೂ ಒಂದು ಘಟನೆಯನ್ನು ಹೇಳಬೇಕು. ಮನೆಯ ಭಾಷೆ ಕನ್ನಡ ಎಂದು ನೋಂದಣಿ ಪತ್ರದಲ್ಲಿ ಬರೆದಿದ್ದೆ. ಹೋದ ವರ್ಷ ನಮ್ಮ ಶಾಲೆಯವರು ಸಂದೇಶಗಳನ್ನು ಯಂತ್ರದಿಂದ ಅನುವಾದಿಸಿ ಕಳುಹಿಸುವ ವ್ಯವಸ್ಥೆಯನ್ನು ತಂದರು. ನಾನು ಕೆಲಸದಲ್ಲಿದ್ದಾಗ ಮನೆಯ ಫೋನಿಗೆ ಒಂದು ಸಂದೇಶ ಬಂತು: "ನಿಮ್ಮ ಮಗು ಇಂದು ಮೂರನೇ ಅವಧಿಯಿಂದ ಕಾಣೆಯಾಗಿದೆ." ಊರಿನಿಂದ ಬಂದಿದ್ದ ನಮ್ಮ ಅತ್ತೆ ಅದನ್ನು ಓದಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಪಕ್ಕದ ಮನೆಯವರ ಬಾಗಿಲು ಬಡಿದರು. ಮಗಳು ದಂತವೈದ್ಯರ ಹತ್ತಿರ ಹೋಗಿದ್ದಳು. "ಗೈರುಹಾಜರಾಗಿದ್ದಾಳೆ" ಎನ್ನಬೇಕಿದ್ದ ಕಡೆ ಯಂತ್ರ "ಕಾಣೆಯಾಗಿದೆ" ಎಂದಿತ್ತು.

ಸಮಿತಿಸದಸ್ಯೆ ಮೇಡಂ, ಇಂಥ ಸಂದೇಶಗಳು ಹೆಚ್ಚೆಂದರೆ ಇಪ್ಪತ್ತು ಬಗೆಯವು ಇರಬಹುದು. ಗೈರುಹಾಜರಿ, ಬಸ್ಸು ತಡ, ಹಿಮದಿಂದ ರಜೆ, ನರ್ಸ್ ಕರೆ, ಹೀಗೆ. ಅವನ್ನು ಭಾಷೆ ಬಲ್ಲವರಿಂದ ಒಂದು ಸಲ ಸರಿಯಾಗಿ ಬರೆಯಿಸಿ ಇಟ್ಟುಕೊಂಡು, ಹೆಸರು ಮತ್ತು ಸಮಯವನ್ನು ಮಾತ್ರ ಯಂತ್ರ ತುಂಬಲಿ ಎಂದು ಹೇಳಲು ಸಾಧ್ಯವೇ? ನಮ್ಮ ಭಾಷೆಯೊಂದಕ್ಕೇ ಅಲ್ಲ, ಎಲ್ಲ ಭಾಷೆಯವರಿಗೂ ಇದೇ ಪಾಡು.

ಆಪ್ತಸಲಹೆ

ಇಬ್ಬರಮ್ಮ ಅವರ ಅತ್ತೆಯವರ ಗಾಬರಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಇಂಗ್ಲಿಷ್ ಬಾರದ ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ಮುಖ್ಯ ಮಾಹಿತಿಯನ್ನು ತಲುಪಿಸುವುದು ನಾಗರಿಕ ಹಕ್ಕುಗಳ ಕಾನೂನಿನ ಪ್ರಕಾರ ಡಿಸ್ಟ್ರಿಕ್ಟಿನ ಕರ್ತವ್ಯ, ಉಪಕಾರವಲ್ಲ. ಇದನ್ನು ಸಭೆಯಲ್ಲಿ ಸಂಕೋಚವಿಲ್ಲದೆ ಹೇಳಬಹುದು.

ನಾನು ಮಧ್ಯಮ ಶಾಲೆಯ ಆಪ್ತಸಮಾಲೋಚಕಿ. ಕರಡಿನ ಆ ಒಂಟಿ ಪ್ಯಾರಾ ನನ್ನ ಕೆಲಸಕ್ಕೆ ಸೇರಿದ್ದಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಕಷ್ಟದಲ್ಲಿರುವ ಮಗುವನ್ನು ಬೇಗ ಗುರುತಿಸಲು ಬೇಕಾದ ಸುಳಿವುಗಳು ಹೊಸವೇನಲ್ಲ: ಹಾಜರಿ, ನಡವಳಿಕೆ, ಪಾಠದಲ್ಲಿ ಅನುತ್ತೀರ್ಣತೆ. ಫಿಲಡೆಲ್ಫಿಯಾದಲ್ಲಿ ನಡೆದ ಸಂಶೋಧನೆ, ಆರನೇ ತರಗತಿಯಲ್ಲೇ ಈ ಸುಳಿವುಗಳು ಕಾಣಿಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ಹೈಸ್ಕೂಲನ್ನು ಸಕಾಲಕ್ಕೆ ಮುಗಿಸುವುದಿಲ್ಲವೆಂದು 2007ರಲ್ಲೇ ತೋರಿಸಿತು. ಹಾಜರಿಗೆ ಸಾಮಾನ್ಯ ಗೆರೆ ಶೇ 10; ಅಂದರೆ 180 ದಿನಗಳ ಶಾಲಾ ವರ್ಷದಲ್ಲಿ ಯಾವ ಕಾರಣಕ್ಕಾದರೂ ಸರಿ, 18 ದಿನ ತಪ್ಪಿಸಿದ ಮಗು ದೀರ್ಘಕಾಲೀನ ಗೈರುಹಾಜರಿಯ ಪಟ್ಟಿಗೆ ಸೇರುತ್ತದೆ. ಕೋವಿಡ್‌ಗೆ ಮುಂಚೆ ದೇಶದಲ್ಲಿ ಇಂಥ ಮಕ್ಕಳು ಶೇ 15ರಷ್ಟಿದ್ದರು, 2021-22ರಲ್ಲಿ ಶೇ 28ರ ಹತ್ತಿರಕ್ಕೆ ಹೋದರು.

ನನಗೆ ಬೇಕಾದದ್ದು ವರ್ಷದ ಕೊನೆಯಲ್ಲಿ ಬರುವ ಆ 18ನೆಯ ದಿನದ ವರದಿಯಲ್ಲ. ಸೆಪ್ಟೆಂಬರ್ ತಿಂಗಳಲ್ಲೇ ಎರಡು ದಿನ ತಪ್ಪಿಸಿದವರ ಹೆಸರು ಬೇಕು, ಏಕೆಂದರೆ ಆಗಿನ್ನೂ ಒಂದು ಫೋನ್ ಕರೆಯಿಂದ ಕೆಲಸವಾಗುತ್ತದೆ. ಕಳೆದ ವರ್ಷ ಒಬ್ಬ ಹುಡುಗ ಪ್ರತಿ ಸೋಮವಾರ ಬರುತ್ತಿರಲಿಲ್ಲ. ತಿಂಗಳ ಒಟ್ಟು ಲೆಕ್ಕದಲ್ಲಿ ಅವೆಲ್ಲ ಸೋಮವಾರಗಳೇ ಎಂಬುದು ಕಣ್ಣಿಗೇ ಬೀಳುತ್ತಿರಲಿಲ್ಲ. ದಿನವಾರು ಪಟ್ಟಿಯನ್ನು ಬಿಡಿಸಿ ನೋಡಿದಾಗ ಮಾತ್ರ ಗೊತ್ತಾಯಿತು: ತಾಯಿಗೆ ಭಾನುವಾರ ರಾತ್ರಿಪಾಳಿ, ಬೆಳಿಗ್ಗೆ ಅವನನ್ನು ಎಬ್ಬಿಸುವವರೇ ಮನೆಯಲ್ಲಿಲ್ಲ. ಇದಕ್ಕೆ ಕೃತಕ ಬುದ್ಧಿಮತ್ತೆ ಬೇಕಾಗಲಿಲ್ಲ. ಅಂಕಣಗಳನ್ನು ಸರಿಯಾಗಿ ಜೋಡಿಸಿದ ಒಂದು ಹಾಳೆ, ಅದನ್ನು ನೋಡಲು ನನಗೆ ಸಿಕ್ಕ ಇಪ್ಪತ್ತು ನಿಮಿಷ, ಇವಷ್ಟೇ ಸಾಕಾದವು.

ಮಗುವಿಗೆ ಅಂಕಿಯೊಂದನ್ನು ಅಂಟಿಸುವ ಮುನ್ಸೂಚನಾ ತಂತ್ರಾಂಶಗಳ ಬಗ್ಗೆ ಎಚ್ಚರವಿರಲಿ. ವಿಸ್ಕಾನ್ಸಿನ್ ರಾಜ್ಯ 2012ರಿಂದ ಇಂಥದ್ದೊಂದನ್ನು ಬಳಸುತ್ತಿತ್ತು. ಒಬ್ಬ ವಿದ್ಯಾರ್ಥಿ ಸಕಾಲಕ್ಕೆ ಹೈಸ್ಕೂಲ್ ಮುಗಿಸುವುದಿಲ್ಲವೆಂದು ಅದು ಹೇಳಿದ ಸಂದರ್ಭಗಳಲ್ಲಿ ಮುಕ್ಕಾಲು ಪಾಲು ತಪ್ಪಾಗಿದ್ದವೆಂದೂ, ಕಪ್ಪು ವಿದ್ಯಾರ್ಥಿಗಳ ವಿಷಯದಲ್ಲಿ ಸುಳ್ಳು ಎಚ್ಚರಿಕೆ ಹೆಚ್ಚಾಗಿತ್ತೆಂದೂ 2023ರ ತನಿಖಾ ವರದಿಯೊಂದು ಬಯಲಿಗೆ ತಂದಿತು. ಟೀಚರ್ ತೆರೆಯುವ ಪರದೆಯಲ್ಲಿ ಮಗುವಿನ ಹೆಸರಿನ ಪಕ್ಕ ಕೆಂಪು ಚುಕ್ಕೆ ಕಂಡರೆ ಆ ಮಗುವನ್ನು ನೋಡುವ ದೃಷ್ಟಿಯೇ ಬದಲಾಗಿಬಿಡುತ್ತದೆ.

ಕೊನೆಯದಾಗಿ ಲೆಕ್ಕಾಚಾರದ ಒಂದು ಮಾತು. ಒಬ್ಬ ಸಮಾಲೋಚಕರಿಗೆ 250 ವಿದ್ಯಾರ್ಥಿಗಳೆಂಬುದು ನಮ್ಮ ವೃತ್ತಿಸಂಘದ ಶಿಫಾರಸು. ನನ್ನ ಪಾಲಿಗೆ ಅದಕ್ಕಿಂತ ಬಹಳ ಹೆಚ್ಚು ಮಕ್ಕಳಿದ್ದಾರೆ. ಹೊಸ ವ್ಯವಸ್ಥೆ ವಾರಕ್ಕೆ ಅರವತ್ತು ಹೆಸರುಗಳನ್ನು ಕೊಟ್ಟರೆ ನಾನು ಹನ್ನೆರಡು ಮನೆಗಳಿಗೆ ಕರೆ ಮಾಡಬಲ್ಲೆ. ಉಳಿದ ನಲವತ್ತೆಂಟು ಮಕ್ಕಳ ಕಷ್ಟ ಶಾಲೆಗೆ ಗೊತ್ತಿತ್ತು, ಆದರೂ ಯಾರೂ ಏನೂ ಮಾಡಲಿಲ್ಲ ಎಂಬ ದಾಖಲೆ ಮಾತ್ರ ಉಳಿಯುತ್ತದೆ. ಕರಡಿನಲ್ಲಿ ಪ್ರತಿಯೊಂದು ಎಚ್ಚರಿಕೆಯ ಮುಂದೆಯೂ ಅದನ್ನು ನೋಡುವವರು ಯಾರು, ಎಷ್ಟು ದಿನಗಳೊಳಗೆ, ಅದಕ್ಕಾಗಿ ಅವರ ಯಾವ ಕೆಲಸವನ್ನು ಕಡಿಮೆ ಮಾಡುತ್ತೀರಿ ಎಂದು ಬರೆಯಿಸಿ.

ಹಳೇಮೇಷ್ಟ್ರು

ಎಲ್ಲರೂ ಕೂಡಿಸುವ ಮಾತನ್ನೇ ಆಡುತ್ತಿದ್ದೀರಿ. ಕಳೆಯುವ ಮಾತನ್ನು ಯಾರಾದರೂ ಆಡಬೇಕಲ್ಲ. ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಡಿಸ್ಟ್ರಿಕ್ಟ್ ಕಳುವಾದ ಲ್ಯಾಪ್‌ಟಾಪ್ ಹುಡುಕಲೆಂದು ಹಾಕಿದ ತಂತ್ರಾಂಶ, ಮನೆಯಲ್ಲಿದ್ದ ಮಕ್ಕಳ ಚಿತ್ರಗಳನ್ನು ವೆಬ್‌ಕ್ಯಾಮ್ ಮೂಲಕ ತೆಗೆದದ್ದು 2010ರಲ್ಲಿ ಬೆಳಕಿಗೆ ಬಂದು, ಮೊಕದ್ದಮೆ ಮುಗಿಸಲು ಅವರು 6,10,000 ಡಾಲರ್ ಕೊಡಬೇಕಾಯಿತು. ಇನ್‌ಬ್ಲೂಮ್ ಎಂಬ ಸಂಸ್ಥೆ ಹತ್ತು ಕೋಟಿ ಡಾಲರ್ ದಾನದ ಹಣದಲ್ಲಿ ಹಲವು ರಾಜ್ಯಗಳ ಮಕ್ಕಳ ದಾಖಲೆಗಳನ್ನು ಒಂದೇ ಕಡೆ ಸೇರಿಸಲು ಹೊರಟು, ಪೋಷಕರ ವಿರೋಧದಿಂದ 2014ರಲ್ಲಿ ಬಾಗಿಲು ಹಾಕಿತು. ಎಸ್‌ಐಎಸ್ ಮಾರುವ ಪವರ್‌ಸ್ಕೂಲ್ ಕಂಪನಿಯ ವ್ಯವಸ್ಥೆಗೆ 2024ರ ಡಿಸೆಂಬರಿನಲ್ಲಿ ಕದ್ದ ಒಂದು ಲಾಗಿನ್‌ನಿಂದ, ಗ್ರಾಹಕ ಬೆಂಬಲದ ಪೋರ್ಟಲ್ ಮೂಲಕ ಕಳ್ಳರು ಒಳನುಗ್ಗಿದರು. ದಾಖಲೆಗಳನ್ನು ಅಳಿಸುತ್ತಾರೆಂಬ ಭರವಸೆಯ ಮೇಲೆ ಕಂಪನಿ ಹಣವನ್ನೂ ಕೊಟ್ಟಿತು. ಆದರೂ 2025ರ ಮೇ ತಿಂಗಳಲ್ಲಿ ಕೆಲವು ಡಿಸ್ಟ್ರಿಕ್ಟುಗಳಿಗೆ ನೇರವಾಗಿ ಬೆದರಿಕೆ ಪತ್ರಗಳು ಬಂದವು. ಎಂದೋ ಶಾಲೆ ಬಿಟ್ಟವರ ವಿವರಗಳೂ ಆ ಕಳ್ಳತನದಲ್ಲಿ ಹೋದವು.

ಶಾಲೆ ಬಿಟ್ಟವನ ಊಟದ ಲೆಕ್ಕ, ಹತ್ತು ವರ್ಷ ಹಳೆಯ ಶಿಸ್ತುಕ್ರಮದ ಟಿಪ್ಪಣಿ ಯಾರಿಗೆ ಬೇಕು? ಇಟ್ಟುಕೊಳ್ಳದಿದ್ದರೆ ಕದಿಯಲು ಏನಿರುತ್ತಿತ್ತು? ಮೂವತ್ತನಾಲ್ಕು ವರ್ಷ ಪಾಠ ಹೇಳಿದ್ದೇನೆ. ಕಷ್ಟದಲ್ಲಿರುವ ಮಗು ಯಾವುದೆಂದು ನನಗೆ ಕೆಂಪು ಚುಕ್ಕೆ ಹೇಳಬೇಕಾಗಿರಲಿಲ್ಲ.

ಜಾಲಗಾರ

ಮೇಷ್ಟ್ರೇ, ಕೊನೆಯ ಮಾತನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಒಪ್ಪುತ್ತೇನೆ. ನಿಮ್ಮ ತರಗತಿಯಲ್ಲಿದ್ದ ಮೂವತ್ತು ಮಕ್ಕಳನ್ನು ನೀವು ಬಲ್ಲಿರಿ. ಆದರೆ ಹೈಸ್ಕೂಲಿನಲ್ಲಿ ಆರು ಜನ ಟೀಚರ್‌ಗಳ ಬಳಿ ಹೋಗುವ ಹುಡುಗಿಯನ್ನು ಆರೂ ಜನ ಸ್ವಲ್ಪ ಸ್ವಲ್ಪ ಬಲ್ಲರು, ಪೂರ್ತಿಯಾಗಿ ಒಬ್ಬರೂ ಅರಿಯರು. ಆ ಆರು ತುಣುಕುಗಳನ್ನು ಒಂದು ಕಡೆ ತೋರಿಸುವುದಕ್ಕೆ ಮಾತ್ರ ತಂತ್ರಾಂಶ ಬೇಕು.

ಅಳಿಸುವ ವಿಷಯದಲ್ಲಿ: ಅಂಕಪಟ್ಟಿಯನ್ನು ಅಳಿಸುವಂತಿಲ್ಲ. ಯಾವ ದಾಖಲೆಯನ್ನು ಎಷ್ಟು ವರ್ಷ ಇಡಬೇಕೆಂಬ ಪಟ್ಟಿಗಳು ರಾಜ್ಯ ಮಟ್ಟದಲ್ಲಿರುತ್ತವೆ. ಆದರೆ ಅವಧಿ ಮುಗಿದದ್ದನ್ನು ತೆಗೆಯುವ ಕೆಲಸ ಯಾರದೆಂದು ಎಲ್ಲೂ ಬರೆದಿರುವುದಿಲ್ಲ, ಹಾಗಾಗಿ ಯಾರೂ ತೆಗೆಯುವುದಿಲ್ಲ. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಗೆಂದು ಇರುವ 1974ರ ಫರ್ಪಾ ಕಾಯ್ದೆಯ ಪ್ರಕಾರ ಪೋಷಕರು ತಮ್ಮ ಮಗುವಿನ ದಾಖಲೆಯನ್ನು ನೋಡಬೇಕೆಂದು ಕೇಳಿದರೆ ಶಾಲೆ 45 ದಿನಗಳೊಳಗೆ ತೋರಿಸಬೇಕು. ಸಮಿತಿಸದಸ್ಯೆಯವರು ತಮ್ಮ ಮಗುವಿನ ದಾಖಲೆಯನ್ನೇ ಒಮ್ಮೆ ಕೇಳಿ ನೋಡಲಿ. ಅದು ಎಷ್ಟು ಕಡೆಗಳಿಂದ, ಎಷ್ಟು ದಿನಕ್ಕೆ, ಯಾವ ರೂಪದಲ್ಲಿ ಬರುತ್ತದೆ ಎಂಬುದರಿಂದಲೇ ಡಿಸ್ಟ್ರಿಕ್ಟಿನ ದಾಖಲೆಗಳ ನಿಜಸ್ಥಿತಿ ತಿಳಿಯುತ್ತದೆ. ಜೊತೆಗೆ ಸಿಬ್ಬಂದಿಯ ಎಲ್ಲ ಲಾಗಿನ್‌ಗಳಿಗೂ ಎರಡು ಹಂತದ ದೃಢೀಕರಣ ಇರಬೇಕು, ಇದರಲ್ಲಿ ಚೌಕಾಸಿ ಬೇಡ.

ಸಮಿತಿಸದಸ್ಯೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಜಾಲಗಾರ ಅವರು ಹೇಳಿದಂತೆ ಮಗನ ದಾಖಲೆಯನ್ನು ಕೇಳಿದೆ. ಎಸ್‌ಐಎಸ್‌ನ ಪ್ರತಿ ಮರುದಿನವೇ ಬಂತು, ನರ್ಸ್ ಕೊಠಡಿಯದು ಒಂಬತ್ತನೆಯ ದಿನ ಕಾಗದದ ಮೇಲೆ ಬಂತು, ಓದುವ ಆ್ಯಪೊಂದರಲ್ಲಿರುವ ದಾಖಲೆ ಇನ್ನೂ ಬಂದಿಲ್ಲ. ಆ ಆ್ಯಪ್ ಕಂಪನಿಯ ಜೊತೆ ಲಿಖಿತ ಒಪ್ಪಂದ ಇದೆಯೋ ಇಲ್ಲವೋ ಎಂದು ಕಚೇರಿಯಲ್ಲಿ ಹುಡುಕುತ್ತಿದ್ದಾರಂತೆ. ಬಂದ ಎರಡು ಪ್ರತಿಗಳಲ್ಲಿ ನನ್ನ ಎರಡು ಬೇರೆ ಬೇರೆ ಫೋನ್ ಸಂಖ್ಯೆಗಳಿದ್ದವು. ನರ್ಸ್ ಬಳಿ ಇದ್ದದ್ದು ನಾನು ಬಿಟ್ಟು ನಾಲ್ಕು ವರ್ಷವಾದ ಸಂಖ್ಯೆ. ಸಭೆಯಲ್ಲಿ ಬೇರೇನನ್ನೂ ಹೇಳದೆ ಆ ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ.

ಸ್ಪರ್ಶಪರದೆಗಳ ಖರೀದಿಯನ್ನು ಒಂದು ವರ್ಷ ಮುಂದೂಡಿ, ಆ ಹಣದಲ್ಲಿ ದಾಖಲೆಗಳ ಹೊಣೆ ಹೊರುವ ಪೂರ್ಣಾವಧಿ ಹುದ್ದೆಯೊಂದನ್ನು ಸೃಷ್ಟಿಸಲು ಒಪ್ಪಿದ್ದಾರೆ. ನಕ್ಷೆ ಬರೆಯುವ ಕೆಲಸಕ್ಕೆ ಎರಡು ಶಾಲೆಗಳ ಗುಮಾಸ್ತರನ್ನು ಕರೆದಿದ್ದಾರೆ, ಆ ದಿನಗಳಿಗೆ ಅವರ ಜಾಗಕ್ಕೆ ಬದಲಿ ಸಿಬ್ಬಂದಿಯನ್ನೂ ಕೊಡುತ್ತಾರೆ. ಇಪ್ಪತ್ತು ಸಂದೇಶಗಳ ಸಲಹೆಗೆ ಎಲ್ಲರೂ ತಲೆದೂಗಿದರು. ನಮ್ಮಲ್ಲಿ ಒಂಬತ್ತು ಭಾಷೆಗಳಿಗೆ ಅದು ಬೇಕಾಗುತ್ತದೆ. ಕನ್ನಡದ್ದನ್ನು ಬರೆದುಕೊಡುವುದಾಗಿ ನಾನು ಒಪ್ಪಿಕೊಂಡಿದ್ದೇನೆ, ಇಬ್ಬರಮ್ಮ ಅವರು ಒಮ್ಮೆ ನೋಡಿಕೊಡಬೇಕು. ಆಪ್ತಸಲಹೆಯವರ "ಯಾವ ಕೆಲಸವನ್ನು ಕಡಿಮೆ ಮಾಡುತ್ತೀರಿ" ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಗಲಿಲ್ಲ. ಅದು ಸಿಬ್ಬಂದಿ ವಿಷಯ, ತಂತ್ರಜ್ಞಾನ ಸಮಿತಿಯದಲ್ಲ ಎಂದರು. ಹಾಗಾದರೆ ಆ ಉತ್ತರ ಬರುವ ತನಕ ಎಚ್ಚರಿಕೆ ವ್ಯವಸ್ಥೆಯನ್ನು ಕೊಳ್ಳುವುದು ಬೇಡ ಎಂದು ಬರವಣಿಗೆಯಲ್ಲಿ ಕೊಟ್ಟಿದ್ದೇನೆ.

ಎಸ್‌ಐಎಸ್ ಬದಲಿಸುವ ಮಾತು ಎರಡನೆಯ ವರ್ಷಕ್ಕೆ ಹೋಗಿದೆ. ಬದಲಿಸುವುದೇ ಆದರೆ ಯಾವ ತಿಂಗಳಲ್ಲಿ ಮಾಡಬೇಕು?

ಕಚೇರಿಮೇಜು

ಆಗಸ್ಟ್ ಬೇಡವೇ ಬೇಡ, ಅಂಕಪಟ್ಟಿ ಮುಚ್ಚುವ ಜೂನ್ ಮೊದಲ ವಾರವೂ ಬೇಡ. ಜೂನ್ ಕೊನೆಯಲ್ಲಿ ಬದಲಿಸಿ, ಜುಲೈ ಪೂರ್ತಿ ಬೇಸಿಗೆ ಶಾಲೆಯ ಮಕ್ಕಳನ್ನು ಮಾತ್ರ ಹೊಸದರಲ್ಲಿ ನಡೆಸಿ ನೋಡಲಿ. ಇನ್ನೂರು ಮಕ್ಕಳ ತಪ್ಪುಗಳನ್ನು ಕೈಯಿಂದ ತಿದ್ದಬಹುದು, ಆರು ಸಾವಿರ ಮಕ್ಕಳದ್ದನ್ನು ತಿದ್ದಲಾಗದು. ಹಳೆಯದನ್ನು ಓದಲು ಮಾತ್ರ ಒಂದು ವರ್ಷ ತೆರೆದಿಡಿ. ಶಾಲೆ ಆರಂಭವಾಗುವ ಹಿಂದಿನ ಶುಕ್ರವಾರ ಪ್ರತಿಯೊಂದು ಶಾಲೆಯಲ್ಲೂ ತರಗತಿ ಪಟ್ಟಿ, ಬಸ್ ಪಟ್ಟಿ ಮತ್ತು ತುರ್ತು ಫೋನ್ ಸಂಖ್ಯೆಗಳನ್ನು ಕಾಗದದ ಮೇಲೆ ಮುದ್ರಿಸಿ ಮುಂಗಚೇರಿಯ ಬೀರುವಿನಲ್ಲಿ ಬೀಗ ಹಾಕಿ ಇಡಬೇಕು. ಆ ಬೀಗದ ಕೈ ಗುಮಾಸ್ತರ ಹತ್ತಿರವೂ ಒಂದು ಇರಲಿ. ನಮ್ಮಲ್ಲಿ ಒಮ್ಮೆ ಎಲ್ಲ ಸಿದ್ಧವಾಗಿತ್ತು, ಕೀಲಿ ಮಾತ್ರ ರಜೆಯ ಮೇಲಿದ್ದವರ ಜೇಬಿನಲ್ಲಿತ್ತು.